ಮಳೆ ವಾಸನೆಯ ಬ್ಯಾಕ್ಟೀರಿಯಾ, ಕಂಪ್ಲಿಯ ಭತ್ತ

ಮುಂಗಾರಿಗೆ ಮುಂಚಿನ ಒಂದು ಅಡ್ಡಮಳೆ ಸಾಕು, ಕಂಪ್ಲಿ ಸುತ್ತಲಿನ ಎರೆ ಹೊಲಗಳಿಂದ ಆ ವಾಸನೆ ಏಳುತ್ತದೆ. ಬಸ್ಸಿನ ಕಿಟಕಿ ಪಕ್ಕ ತೂಕಡಿಸುತ್ತಿದ್ದವರೂ ಮೂಗರಳಿಸಿ ಎಚ್ಚರಾಗುತ್ತಾರೆ. ಇದರ ಶ್ರೇಯದ ದೊಡ್ಡ ಪಾಲು ಸಲ್ಲಬೇಕಾದ್ದು ಮಣ್ಣಿನಲ್ಲಿ ಎಳೆ ಎಳೆಯಾಗಿ ಹಬ್ಬಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳಿಗೆ. ಅವು ತಯಾರಿಸುವ ಜಿಯೋಸ್ಮಿನ್ ಎಂಬ ಅಣು, ಹನಿ ಬಿದ್ದೊಡನೆ ಸಣ್ಣ ಗುಳ್ಳೆಗಳ ಜೊತೆ ಗಾಳಿಗೆ ಚಿಮ್ಮುತ್ತದೆ. ಈ ಒಂದು ಅಣುವಿನ ವಿಷಯದಲ್ಲಿ ಮನುಷ್ಯನ ಮೂಗು ವಿಪರೀತ ಚುರುಕು. ಲಕ್ಷ ಕೋಟಿ ಪಾಲು ನೀರಿನಲ್ಲಿ ಐದು ಪಾಲು ಬೆರೆತಿದ್ದರೂ ಪತ್ತೆ ಹಚ್ಚುತ್ತದೆ. ಬೀಟ್‌ರೂಟಿಗೆ ಮಣ್ಣಿನ ರುಚಿ ಬರುವುದು ಇದರಿಂದ, ಕೆರೆ ಮೀನಿಗೆ ಕೆಸರು ವಾಸನೆ ಬರುವುದೂ ಇದರಿಂದ. ಹುಳಿ ತಗುಲಿದರೆ ಜಿಯೋಸ್ಮಿನ್ ಒಡೆದುಹೋಗುತ್ತದೆ. ಮೀನು ಸಾರಿಗೆ ಹುಣಸೆ ಕಿವುಚಿ ಹಾಕುವವರಿಗೆ ಈ ರಸಾಯನಶಾಸ್ತ್ರ ಓದದೆಯೇ ಬಂದಿದೆ.

ಬ್ಯಾಕ್ಟೀರಿಯಾಕ್ಕೆ ಈ ವಾಸನೆಯಿಂದ ಏನು ಲಾಭ? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಟ್ಟಿತು. ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ, ಹುಳುವಿನಂಥ ಪುಟಾಣಿ ಜಿಗಿಯುವ ಜೀವಿಗಳಿವೆ. ವಾಸನೆ ಹಿಡಿದು ಬರುವ ಅವು ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಮೈಗೂ ಹೊಟ್ಟೆಗೂ ಅಂಟಿದ ಬೀಜಾಣುಗಳನ್ನು ಹೊತ್ತು ಬೇರೆಡೆಗೆ ಸಾಗಿಸುತ್ತವೆ.

ಆ ಅಧ್ಯಯನಕ್ಕಿಂತ ಹನ್ನೊಂದು ವರ್ಷ ಮೊದಲು, 2009ರಲ್ಲಿ, ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಇದೇ ವಾಸನೆಯ ಬೆನ್ನು ಹತ್ತಿದ್ದರು. ಅವರಲ್ಲಿ ಜೀವವಿಜ್ಞಾನ ಓದಿದವರು ಇರಲಿಲ್ಲ. ಚಿತ್ರ ಬರೆಯುವವರು, ವಿಡಿಯೊ ಮಾಡುವವರು, ವಿನ್ಯಾಸ ಕಲಿಯುವವರು. ಅವರನ್ನು ಈ ಕಡೆ ಎಳೆದು ತಂದವರು ಕಲಾವಿದ ಯಶಸ್ ಶೆಟ್ಟಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ವಿಜ್ಞಾನಿ ಮುಕುಂದ್ ತಟ್ಟೈ ಮಾರ್ಗದರ್ಶನಕ್ಕೆ ನಿಂತರು. ಅಮೆರಿಕದ ಎಂಐಟಿಯಲ್ಲಿ ಪ್ರತಿವರ್ಷ ನಡೆಯುತ್ತಿದ್ದ ಐಜೆಮ್ ಎಂಬ ಸ್ಪರ್ಧೆಗೆ ತಂಡ ಹೊರಟಿತ್ತು. ಬ್ಯಾಕ್ಟೀರಿಯಾದ ಒಳಗೆ ಹೊಸ ಜೀನ್‌ಗಳನ್ನು ಜೋಡಿಸಿ ಹೊಸ ಕೆಲಸ ಮಾಡಿಸುವ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಜಾತ್ರೆ ಅದು. ಬೇರೆ ವಿಶ್ವವಿದ್ಯಾಲಯಗಳು ಔಷಧ, ಇಂಧನ, ವಿಷದ ಪತ್ತೆ ಎಂದು ಬರುವ ಕಡೆ ಬೆಂಗಳೂರಿನ ಕಲಾ ಶಾಲೆ ಆರಿಸಿಕೊಂಡದ್ದು ಮಳೆಯ ವಾಸನೆಯನ್ನು. ಯೋಜನೆಗೆ ‘ಟೀನೇಜ್ ಜೀನ್ ಪೊಯೆಮ್ಸ್’ ಎಂಬ ಹೆಸರು.

ಕೆಲಸದ ಹೂರಣ ಹೀಗಿತ್ತು. ಸ್ಟ್ರೆಪ್ಟೊಮೈಸಿಸ್‌ನಲ್ಲಿ ಒಂದೇ ಒಂದು ಕಿಣ್ವ ಜಿಯೋಸ್ಮಿನ್ ತಯಾರಿಯ ಕೊನೆಯ ಹಂತಗಳನ್ನು ಪೂರೈಸುತ್ತದೆ ಎಂಬುದನ್ನು 2007ರಲ್ಲಿ ಡೇವಿಡ್ ಕೇನ್ ಮತ್ತವರ ಸಹೋದ್ಯೋಗಿಗಳು ತೋರಿಸಿದ್ದರು. ಆ ಕಿಣ್ವಕ್ಕೆ ಬೇಕಾದ ಕಚ್ಚಾ ಸಾಮಗ್ರಿ, ಪ್ರಯೋಗಾಲಯಗಳ ಸಾಕುಪ್ರಾಣಿಯಂತಾಗಿರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲೂ ಇದೆ. ಕಿಣ್ವದ ಜೀನನ್ನು ಅದರೊಳಗೆ ಸೇರಿಸಿದರೆ ಇ. ಕೋಲೈ ಮಣ್ಣಿನ ವಾಸನೆ ಬೀರಬೇಕು. ಇ. ಕೋಲೈಯ ಸ್ವಂತ ವಾಸನೆ ಏನೆಂದು ಪ್ರಯೋಗಾಲಯದಲ್ಲಿ ದುಡಿದವರಿಗೆ ಚೆನ್ನಾಗಿ ಗೊತ್ತು. ಚರಂಡಿಯ ನೆನಪು ತರುವ ಜೀವಿಯ ಬಾಯಲ್ಲಿ ಮೊದಲ ಮಳೆಯನ್ನು ನುಡಿಸುವುದು ಕಲಾವಿದನಿಗೆ ಮಾತ್ರ ಹೊಳೆಯಬಹುದಾದ ತುಂಟತನ.

ಇದು ಜೀನ್ ಎಡಿಟಿಂಗ್ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎಡಿಟಿಂಗ್‌ಗೆ ಈಗ ಬಳಸುವ ಕ್ರಿಸ್ಪರ್ ಎಂಬ ಕತ್ತರಿ 2009ರಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪೆಂಟಿಯೆ ಅವರ ತಂಡ ಆ ತಂತ್ರವನ್ನು ಪ್ರಕಟಿಸಿದ್ದು 2012ರಲ್ಲಿ, ನೊಬೆಲ್ ಬಂದದ್ದು 2020ರಲ್ಲಿ. ಸೃಷ್ಟಿಯ ವಿದ್ಯಾರ್ಥಿಗಳದು ಹೊರಗಿನ ಜೀನನ್ನು ತಂದು ಸೇರಿಸುವ ಕೆಲಸ. ಕ್ರಿಸ್ಪರ್ ಮಾಡುವುದು ಇರುವ ಬರಹವನ್ನೇ ತಿದ್ದುವ ಕೆಲಸ. ಇಪ್ಪತ್ತು ಅಕ್ಷರದ ಒಂದು ಆರ್‌ಎನ್‌ಎ ತುಣುಕು ವಿಳಾಸ ತೋರಿಸುತ್ತದೆ, ಕ್ಯಾಸ್9 ಎಂಬ ಪ್ರೊಟೀನು ಅಲ್ಲಿಗೆ ಹೋಗಿ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ, ಜೀವಕೋಶ ಗಾಬರಿಯಲ್ಲಿ ಹೊಲಿಗೆ ಹಾಕಿಕೊಳ್ಳುವಾಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ ಅಥವಾ ಹೆಚ್ಚಾಗುತ್ತದೆ. ಜೀನ್ ಕೆಲಸ ನಿಲ್ಲಿಸಲು ಅಷ್ಟು ಸಾಕು.

ಸೃಷ್ಟಿಯ ಗುಂಪಿನ ಆಸಕ್ತಿ ಜೀನ್‌ಗಷ್ಟೇ ನಿಲ್ಲಲಿಲ್ಲ. ಸಲಕರಣೆಗಳ ಬೆಲೆಯೂ ಅವರಿಗೆ ಕಲೆಯ ವಿಷಯವೇ ಆಗಿತ್ತು. ಅದೇ 2009ರಲ್ಲಿ ಶೆಟ್ಟಿಯವರು ಸ್ವಿಟ್ಜರ್‌ಲೆಂಡಿನ ಮಾರ್ಕ್ ಡ್ಯುಸೆಲರ್, ಬ್ರಿಟನ್ನಿನ ಕಲಾವಿದ ಆಂಡಿ ಗ್ರೇಸಿ ಜೊತೆ ಸೇರಿ ‘ಹ್ಯಾಕ್ಟೀರಿಯಾ’ ಎಂಬ ಬಳಗ ಕಟ್ಟಿದರು. ಆ ಬಳಗದ ಕಮ್ಮಟಗಳಲ್ಲಿ ಹೆಸರಾದ ಒಂದು ಪ್ರಯೋಗವನ್ನು ಹೊಸಪೇಟೆಯ ಯಾವ ಹೈಸ್ಕೂಲಿನಲ್ಲಾದರೂ ಮಾಡಬಹುದು. ಹಳೆಯ ವೆಬ್‌ಕ್ಯಾಮ್ ಒಂದನ್ನು ಬಿಚ್ಚಿ, ಮುಂದಿನ ಪುಟ್ಟ ಮಸೂರವನ್ನು ತಿರುಗಿಸಿ ಹೊರತೆಗೆದು, ಹಿಂದುಮುಂದಾಗಿ ಮತ್ತೆ ಕೂರಿಸುವುದು. ದೂರದ್ದನ್ನು ಚಿಕ್ಕದಾಗಿ ತೋರಿಸುತ್ತಿದ್ದ ಮಸೂರ ಈಗ ಹತ್ತಿರದ್ದನ್ನು ದೊಡ್ಡದಾಗಿ ತೋರಿಸುತ್ತದೆ. ಗಾಜಿನ ಪಟ್ಟಿಯ ಮೇಲೆ ಕಾಲುವೆ ನೀರಿನ ಒಂದು ಹನಿ ಇಟ್ಟು, ಕ್ಯಾಮೆರಾವನ್ನು ಕೆಲವೇ ಮಿಲಿಮೀಟರ್ ಎತ್ತರದಲ್ಲಿ ನಿಲ್ಲಿಸಿ, ಕೆಳಗಿನಿಂದ ಬೆಳಕು ಕೊಟ್ಟರೆ ಕಂಪ್ಯೂಟರ್ ಪರದೆಯ ತುಂಬ ಜೀವಿಗಳ ಓಡಾಟ. ಕೈ ಸ್ವಲ್ಪ ನಡುಗಿದರೂ ಚಿತ್ರ ಮಾಯವಾಗುತ್ತದೆ, ಹಾಗಾಗಿ ಕ್ಯಾಮೆರಾ ಹಿಡಿಯಲು ಒಂದು ಸ್ಟ್ಯಾಂಡ್ ಬೇಕು. ಅದನ್ನು ಹಳೆಯ ಸಿಡಿಗಳಿಂದಲೋ ಮರದ ಪಟ್ಟಿಯಿಂದಲೋ ಮಾಡಿಕೊಳ್ಳುತ್ತಾರೆ. ಬೆಲೆ ಕಡಿಮೆ ಎಂಬುದಕ್ಕಿಂತ, ಯಂತ್ರದ ಹೊಟ್ಟೆಯನ್ನು ತಾನೇ ಬಿಚ್ಚಿ ನೋಡಿದವನು ಅದರ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ ಎಂಬುದೇ ಈ ಆಟದ ಲಾಭ.

ಕಲಾವಿದರು ಜೀನ್‌ಗೆ ಕೈ ಹಾಕಿದ್ದು ಬೆಂಗಳೂರಿನಲ್ಲೇ ಮೊದಲಲ್ಲ. 1986ರಲ್ಲಿ ಜೋ ಡೇವಿಸ್ ಎಂಬ ಅಮೆರಿಕನ್ ಕಲಾವಿದ, ಹಾರ್ವರ್ಡಿನ ಡಾನಾ ಬಾಯ್ಡ್ ನೆರವಿನಿಂದ, ಒಂದು ಪ್ರಾಚೀನ ಸಂಕೇತದ ಚಿತ್ರವನ್ನು ಡಿಎನ್‌ಎ ಅಕ್ಷರಗಳಾಗಿ ಮಾರ್ಪಡಿಸಿ ಇ. ಕೋಲೈ ಒಳಗೆ ಇಟ್ಟರು. ‘ಮೈಕ್ರೊವೀನಸ್’ ಎಂಬ ಆ ಕೃತಿಯ ಸಂಕೇತ ಕೇವಲ 28 ಅಕ್ಷರ ಜೋಡಿಯದು. ಆದರೆ ಜಗತ್ತಿನ ಬಾಯಿಗೆ ಬಿದ್ದದ್ದು 2000ದಲ್ಲಿ ಎಡ್ವಾರ್ಡೊ ಕಾಟ್ಸ್ ಸುದ್ದಿ ಮಾಡಿದ ‘ಆಲ್ಬಾ’ ಎಂಬ ಮೊಲ. ಅಂಬಲಿ ಮೀನಿನ ಹಸಿರು ಪ್ರೊಟೀನಿನ ಜೀನ್ ಅದರಲ್ಲಿತ್ತು. ನೀಲಿ ಬೆಳಕಿನಡಿ ಮೊಲ ಹಸಿರಾಗಿ ಹೊಳೆಯುತ್ತದೆ ಎಂದು ಚಿತ್ರಗಳು ಹರಿದಾಡಿದವು. ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಮೊಲವನ್ನು ಹೊರಗೆ ಬಿಡಲಿಲ್ಲ. ಕಲಾವಿದರಿಗಾಗಿಯೇ ಅದನ್ನು ಸೃಷ್ಟಿಸಲಾಯಿತೋ, ಪ್ರಯೋಗಾಲಯದಲ್ಲಿ ಮೊದಲೇ ಇದ್ದ ಮೊಲಗಳಲ್ಲೊಂದೋ ಎಂಬ ಜಗಳವೂ ಎದ್ದಿತು. ಕೃತಿಯ ಬಲ ಮೊಲಕ್ಕಿಂತ ಹೆಚ್ಚಾಗಿ ಫೋಟೊದಲ್ಲಿತ್ತು ಎಂದರೆ ತಪ್ಪಾಗದು.

ಹಂಪಿಯ ಶಿಲ್ಪಿಗಳು ಈ ಮೊಲವನ್ನು ನೋಡಿದ್ದರೆ ಬೆರಗಾಗುತ್ತಿರಲಿಲ್ಲ. ವಿಠ್ಠಲ ದೇಗುಲದ ಮಂಟಪದ ಕಂಬಗಳಲ್ಲಿ ಹಿಂಗಾಲ ಮೇಲೆ ನೆಗೆದು ನಿಂತಿರುವ ಯಾಳಿಗಳಿವೆ. ಸಿಂಹದ ಮುಖಕ್ಕೆ ಬೇರೆ ಪ್ರಾಣಿಗಳ ಅಂಗಗಳನ್ನು ಬೆಸೆದ ಮೃಗ. ಅಚ್ಯುತರಾಯನ ನಾಣ್ಯಗಳ ಮೇಲೆ ಎರಡು ತಲೆಯ ಗಂಡಭೇರುಂಡವಿದೆ. ಇವನ್ನು ತೋರಿಸಿ ‘ನಮ್ಮವರಿಗೆ ಆಗಲೇ ಜೀನ್ ವಿದ್ಯೆ ತಿಳಿದಿತ್ತು’ ಎಂದು ವಾದಿಸುವವರಿಗೆ ಕೊರತೆಯಿಲ್ಲ. ಅಂಥವರಿಂದ ಯಾಳಿಯನ್ನು ಕಾಪಾಡಬೇಕು. ಶಿಲ್ಪಿಗೆ ಬೇಕಿದ್ದದ್ದು ಎಲ್ಲೂ ಇಲ್ಲದ ಪ್ರಾಣಿ, ಇರುವ ಪ್ರಾಣಿಯಲ್ಲ. ಅದು ಕಲ್ಲಲ್ಲೇ ಉಳಿಯುತ್ತದೆ, ಮರಿ ಹಾಕುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ಹಸಿರು ಮೊಲದ ಕಲೆ ಯಾಳಿಯ ದಾರಿಯಲ್ಲೇ ನಡೆದದ್ದು: ನೋಡಿದವರು ದಂಗಾಗಬೇಕು. ದಂಗಾದವರು ಒಂದು ಸುತ್ತು ಹಾಕಿ ಮನೆಗೆ ಹೋಗುತ್ತಾರೆ, ತಂತ್ರ ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಅದು ತೇಪೆಯ ದಾರಿ. ಅದನ್ನು ಬಲ್ಲವರು ಸಂಡೂರಿನಲ್ಲಿ ಸಿಗುತ್ತಾರೆ; ಅದಕ್ಕೆ ಮೊದಲು ಬ್ರಿಟನ್ನಿನ ಒಂದು ಉದಾಹರಣೆ.

ಬ್ರಿಟನ್ನಿನ ಕಲಾವಿದೆ ಆನಾ ಡುಮಿಟ್ರಿಯು 2017ರಲ್ಲಿ ಎರಡನೇ ಮಹಾಯುದ್ಧ ಕಾಲದ ಒಂದು ಹೆಂಗಸರ ಸೂಟು ಸಂಪಾದಿಸಿದರು. ಯುದ್ಧದ ದಿನಗಳಲ್ಲಿ ಬಟ್ಟೆಗೆ ಪಡಿತರ. ಸರ್ಕಾರದ ಮಿತಿಯೊಳಗೆ ಹೊಲಿದ ಉಡುಪುಗಳಿಗೆ ‘ಸಿಸಿ41’ ಎಂಬ ಮುದ್ರೆ. ಈ ಸೂಟಿನಲ್ಲೂ ಆ ಮುದ್ರೆಯಿತ್ತು. 41 ಎಂದರೆ 1941. ಆಕ್ಸ್‌ಫರ್ಡಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಪೆನಿಸಿಲಿನ್ ಚಿಕಿತ್ಸೆ ಕೊಟ್ಟ ವರ್ಷವೂ ಅದೇ. ಸೂಟಿನ ತೂತು, ಕಲೆಗಳಿದ್ದ ಕಡೆ ಡುಮಿಟ್ರಿಯು ರೇಷ್ಮೆಯ ತೇಪೆ ಹಾಕಿದರು. ಆ ರೇಷ್ಮೆಯ ಮೇಲಿನ ಚಿತ್ತಾರ ಕ್ರಿಸ್ಪರ್‌ನಿಂದ ತಿದ್ದಿದ ಇ. ಕೋಲೈಯದು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯಲ್ಲಿ ಸಾರಾ ಗೋಲ್ಡ್‌ಬರ್ಗ್ ಮತ್ತು ರೋಯಿ ಅಮಿತ್ ಜೊತೆ ಕೂತು, ಆಂಪಿಸಿಲಿನ್ ಔಷಧಕ್ಕೆ ಬಗ್ಗದಂತೆ ಮಾಡುವ ಜೀನನ್ನು ಆ ಬ್ಯಾಕ್ಟೀರಿಯಾದಿಂದ ಕತ್ತರಿಸಿ ತೆಗೆದು, ಕಡಿದ ಜಾಗದಲ್ಲಿ ಯುದ್ಧಕಾಲದ ಘೋಷಣೆಯೊಂದನ್ನು ಡಿಎನ್‌ಎ ಅಕ್ಷರಗಳಲ್ಲಿ ಹೊಲಿಯಲಾಗಿತ್ತು: ಇದ್ದುದನ್ನೇ ತೇಪೆ ಹಾಕಿ ನಿಭಾಯಿಸಿ. ಪ್ರದರ್ಶನಕ್ಕಿಡುವ ಮುನ್ನ ಬ್ಯಾಕ್ಟೀರಿಯಾಗಳನ್ನು ಕೊಲ್ಲಲಾಯಿತು.

ಉತ್ತರ ಕರ್ನಾಟಕದ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಜ್ಜಿಯ ಹಳೇ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಸೇರಿಸಿ ಹೊಲಿದ ಕೌದಿ ಹೊದ್ದವರಿಗೆ ತೇಪೆಯೆಂದರೆ ಬಡತನವೂ ಹೌದು, ಮನೆತನದ ದಾಖಲೆಯೂ ಹೌದು. ಡುಮಿಟ್ರಿಯು ಮಾಡಿದ್ದು ಒಂದು ಕೌದಿಯನ್ನೇ. ಹಸಿರು ಮೊಲಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಆ್ಯಂಟಿಬಯಾಟಿಕ್‌ಗಳನ್ನು ಕಂಡಕಂಡಂತೆ ನುಂಗಿ ಹಾಳು ಮಾಡಿಕೊಂಡ ಇತಿಹಾಸ ಆ ತೂತುಗಳಲ್ಲಿದೆ; ತೇಪೆ ಹಾಕಿ ಸರಿಪಡಿಸಬಹುದೇ ಎಂಬ ಅನುಮಾನ ಆ ಹೊಲಿಗೆಯಲ್ಲಿದೆ.

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಸೂಜಿ ಇದಕ್ಕಿಂತ ಹಳೆಯದು. ಕನ್ನಡಿ ಚೂರು, ಕವಡೆ, ತುಂಡು ಬಟ್ಟೆ, ಎಣಿಸಿ ಹಾಕುವ ಹೊಲಿಗೆ. 1984ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಇದನ್ನು ಜೀವನೋಪಾಯವಾಗಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಕುಶಲಕರ್ಮಿಗಳು ಹೊಲಿದ 1,755 ಕಸೂತಿ ತುಣುಕುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ವಿದೇಶಿ ಅತಿಥಿಗಳು ಫೋಟೊ ತೆಗೆಸಿಕೊಂಡರು. ಎಣಿಸುವ, ಕತ್ತರಿಸುವ, ಜೋಡಿಸುವ ಈ ಕೈಗಳನ್ನು ಒಂದು ಜೀನ್ ಪ್ರಯೋಗಾಲಯದ ಮೇಜಿನ ಪಕ್ಕ ಕೂರಿಸುವ ಯೋಚನೆ ಸಭೆಯ ಕಾರ್ಯಸೂಚಿಗೆ ಸೇರುವಂಥದ್ದಲ್ಲ, ಬಿಡಿ. ಅಂಥ ಕೆಲಸಕ್ಕೆಂದೇ ಇರುವ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ರಾಜ್ಯ ಸರ್ಕಾರದ ಬೆಂಬಲದ ಸೈನ್ಸ್ ಗ್ಯಾಲರಿ ಬೆಂಗಳೂರು ಸ್ಥಾಪಕ ನಿರ್ದೇಶಕಿ ಜಾಹ್ನವಿ ಫಾಲ್ಕಿ ಅವರ ಮುಂದಾಳತ್ವದಲ್ಲಿ ಸಾಂಕ್ರಾಮಿಕ, ಸಸ್ಯಲೋಕ, ಇಂಗಾಲದಂಥ ವಿಷಯಗಳ ಮೇಲೆ ಕಲಾವಿದರನ್ನೂ ವಿಜ್ಞಾನಿಗಳನ್ನೂ ಕೂಡಿಸಿದೆ. 2024ರ ಜನವರಿಯಲ್ಲಿ ಅದರ ಸ್ವಂತ ಕಟ್ಟಡ ತೆರೆಯಿತು. ಆ ಕಟ್ಟಡ, ಎನ್‌ಸಿಬಿಎಸ್, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಮೂರೂ ಇರುವುದು ಬಳ್ಳಾರಿ ರಸ್ತೆಯಲ್ಲಿ. ರಸ್ತೆಗೆ ಬಳ್ಳಾರಿಯ ಹೆಸರಿದೆಯೇ ಹೊರತು ಈ ಮೇಳ ಬಳ್ಳಾರಿಯ ಕಡೆ ಹೊರಟಿಲ್ಲ.

ಹೊರಡಬೇಕಾದ ಕಾಲ ಬಂದಿದೆ. ಏಕೆಂದರೆ ಜೀನ್ ಎಡಿಟಿಂಗ್ ಕಂಪ್ಲಿಯ ಹೊಲದ ಬದುವಿನವರೆಗೆ ಬಂದು ನಿಂತಿದೆ.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ‘ಬಿಪಿಟಿ’ ಎಂದರೆ ರೈತನಿಗೂ ಮಿಲ್ಲಿನವನಿಗೂ ದಲ್ಲಾಳಿಗೂ ಗೊತ್ತು. ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಹೊರಬಂದ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಸಣ್ಣಕ್ಕಿ, ಅನ್ನ ಹಗುರ, ಬೆಲೆ ಚೆನ್ನ. ಆದರೆ ನೂರೈವತ್ತು ದಿನದ ಬೆಳೆ, ನೀರು ಹೆಚ್ಚು ಬೇಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ ನೀರು ಪೋಲಾದಾಗ, ಈ ಭಾಗದಲ್ಲಿ ಜನ ಲೆಕ್ಕ ಹಾಕಿದ್ದು ಎಷ್ಟು ಟಿಎಂಸಿ ಉಳಿದರೆ ಎಷ್ಟು ದಿನ ಕಾಲುವೆ ಓಡುತ್ತದೆ ಎಂದು. ಇಲ್ಲಿ ಇಪ್ಪತ್ತು ದಿನ ಮೊದಲು ಕೊಯ್ಲಿಗೆ ಬರುವ ಭತ್ತ ಎಂದರೆ ಬರೀ ವಿಜ್ಞಾನದ ಸುದ್ದಿಯಲ್ಲ.

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವರು ಜೀನ್ ಎಡಿಟಿಂಗ್‌ನಿಂದ ರೂಪಿಸಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’, ಹುಟ್ಟಿದ್ದು ಇದೇ ಸಾಂಬಾ ಮಸೂರಿಯಿಂದ. ತಿದ್ದಿದ್ದು ಜಿಎನ್1ಎ ಎಂಬ ಒಂದು ಜೀನನ್ನು. ಸಸ್ಯದಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನು ತೆನೆಯಲ್ಲಿ ಕಾಳಿನ ಸಂಖ್ಯೆ ಹೆಚ್ಚಿಸುತ್ತದೆ. ಜಿಎನ್1ಎ ತಯಾರಿಸುವ ಕಿಣ್ವ ಆ ಹಾರ್ಮೋನನ್ನು ಒಡೆದುಹಾಕುತ್ತದೆ. ಕಿಣ್ವದ ಕೈ ಕಟ್ಟಿದರೆ ಹಾರ್ಮೋನು ಉಳಿಯುತ್ತದೆ, ತೆನೆ ಕವಲೊಡೆಯುತ್ತದೆ, ಕಾಳು ಹೆಚ್ಚುತ್ತದೆ. ಪ್ರಕೃತಿಯಲ್ಲೂ ಇಂಥ ಬದಲಾವಣೆ ಆಗಿದೆ. ಹೆಚ್ಚು ಕಾಳು ಬಿಡುವ ಒಂದು ತಳಿಯಲ್ಲಿ ಈ ಜೀನ್ ಮಂಕಾಗಿರುವುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲೇ ಗುರುತಿಸಿದ್ದರು. ಕಮಲಾದ ಇಳುವರಿ ಮೂಲ ತಳಿಗಿಂತ ಶೇ 19ರಷ್ಟು ಹೆಚ್ಚು, ಅಂದರೆ ಹೆಕ್ಟೇರಿಗೆ ನಾಲ್ಕೂವರೆ ಟನ್ ಇದ್ದದ್ದು 5.37 ಟನ್, ಮಾಗುವುದು ಸುಮಾರು 130 ದಿನಕ್ಕೆ ಎಂಬುದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಹೇಳಿಕೆ. ಪ್ರಯೋಗದ ಅಂಕಿ ಅಂಶ ಈ ಮಾತನ್ನು ಸಮರ್ಥಿಸುವುದಿಲ್ಲ ಎಂದು ಕುಲಾಂತರಿ ವಿರೋಧಿ ಸಂಘಟನೆಗಳು ಆಕ್ಷೇಪಿಸಿವೆ, ಪರಿಷತ್ತು ಅದನ್ನು ತಳ್ಳಿಹಾಕಿದೆ. ಕ್ರಿಸ್ಪರ್ ತಂತ್ರದ ಮೇಲಿನ ಪೇಟೆಂಟುಗಳು ಅಮೆರಿಕದ ಸಂಸ್ಥೆಗಳ ಕೈಯಲ್ಲಿವೆ ಎಂಬ ತಕರಾರೂ ಜೊತೆಗಿದೆ.

ಈ ಸೀಮೆಗೆ ಇಂಥ ಜಗಳ ಹೊಸದಲ್ಲ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಪಕ್ಕದ ರಾಯಚೂರು ಜಿಲ್ಲೆಯಲ್ಲಿ, ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ತಾಕನ್ನು ಕಿತ್ತು ಸುಟ್ಟಿತ್ತು. ಅದಕ್ಕೆ ‘ಮೊನ್ಸಾಂಟೊ ದಹನ’ ಎಂದು ಹೆಸರಿಟ್ಟು, ಮೊದಲೇ ಸಾರಿ, ಪತ್ರಕರ್ತರನ್ನು ಕರೆದು ಮಾಡಿದ್ದು. ಕಲೆಯ ವಿಮರ್ಶಕರು ಅದನ್ನು ಬೀದಿ ನಾಟಕದ ಲೆಕ್ಕಕ್ಕೆ ಸೇರಿಸಿದರೂ ಸೈ. ನಾಲ್ಕು ವರ್ಷಕ್ಕೆ, 2002ರಲ್ಲಿ, ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಹೊಲಗಳು ಅದರಿಂದ ತುಂಬಿದವು. ಆ ಬೆಂಕಿಗೂ ಆ ಅನುಮತಿಗೂ ನಡುವೆ, ಬಿಟಿ ಎಂದರೆ ಏನೆಂದು ರೈತನ ಕೈಗೆ ಕೊಟ್ಟು, ಬಿಚ್ಚಿ ನೋಡು ಎಂದವರು ಕಾಣೆ.

ವೆಬ್‌ಕ್ಯಾಮ್ ಬಿಚ್ಚುವ ಬುದ್ಧಿ ಬೇಕಾಗುವುದು ಇಂಥಲ್ಲೇ. ಮಳೆ ವಾಸನೆಯ ಬಳಿಕ 2011ರಲ್ಲಿ ಬೆಂಗಳೂರಿನ ಅದೇ ಕಲಾ ತಂಡ ಐಜೆಮ್‌ಗೆ ಇನ್ನೊಂದು ವಿಚಿತ್ರ ಯೋಜನೆ ಒಯ್ದಿತು. ಹೊಸದೇನನ್ನೂ ತಯಾರಿಸುವುದಿಲ್ಲ, ಪ್ರಯೋಗಾಲಯಗಳಲ್ಲಿ ಈಗಾಗಲೇ ತಯಾರಾದ ಜೀನ್ ತುಣುಕುಗಳು ಹೊರಗಿನ ಪರಿಸರಕ್ಕೆ ನುಸುಳಿವೆಯೇ ಎಂದು ಹುಡುಕುತ್ತೇವೆ ಎಂಬುದು ಅದರ ತಿರುಳು. ಪ್ರಯೋಗಾಲಯದಲ್ಲಿ ಬಳಸುವ ಜೀನ್‌ಗಳ ಅಕ್ಷರಮಾಲೆ ಗೊತ್ತಿದ್ದರೆ ಅದೇ ತುಣುಕನ್ನು ಮಾತ್ರ ಕೋಟಿಗಟ್ಟಲೆ ಪ್ರತಿ ಮಾಡಿಸುವ ಪಿಸಿಆರ್ ಪರೀಕ್ಷೆಯಿಂದ ಹೊರಗಿನ ಮಾದರಿಯಲ್ಲೂ ಅದನ್ನು ಹುಡುಕಬಹುದು. ಎಲ್ಲರೂ ಕಟ್ಟುವ ಸ್ಪರ್ಧೆಗೆ ಹೋಗಿ, ಕಟ್ಟಿದ್ದು ಎಲ್ಲಿ ಚೆಲ್ಲಿದೆ ಎಂದು ಕೇಳಿದ್ದು ಮಳೆಯ ವಾಸನೆಗಿಂತ ದೊಡ್ಡ ಕಲಾಕೃತಿ.

ಬಿಟಿ ಹತ್ತಿಯ ವಿಷಯದಲ್ಲಿ ಈ ಪ್ರಶ್ನೆ ಹೊಲದಲ್ಲೇ ಕೇಳಬಹುದು. ಎಲೆಯ ಚೂರನ್ನು ಪುಟ್ಟ ಕೊಳವೆಯಲ್ಲಿ ಹಾಕಿ, ದ್ರಾವಣ ಬೆರೆಸಿ, ಅರೆದು, ಕಾಗದದ ಪಟ್ಟಿ ಅದ್ದಿದರೆ ಕೆಲ ನಿಮಿಷದಲ್ಲಿ ಗೆರೆ ಮೂಡುತ್ತದೆ. ಎರಡು ಗೆರೆ ಬಂದರೆ ಬಿಟಿ ಪ್ರೊಟೀನು ಇದೆ, ಒಂದೇ ಆದರೆ ಇಲ್ಲ. ಕಳ್ಳ ಬೀಜ ಹಿಡಿಯಲು ಇದು ಬಳಕೆಯಲ್ಲಿದೆ. ಕಮಲಾ ಭತ್ತದ ಎಲೆಯನ್ನು ಹೀಗೆ ಎಷ್ಟು ಅರೆದರೂ ಎರಡನೇ ಗೆರೆ ಮೂಡದು. ಅದರಲ್ಲಿ ಹೊರಗಿನ ಪ್ರೊಟೀನು ಇಲ್ಲ. ಕತ್ತರಿಸಲು ಒಳಗೆ ಬಿಟ್ಟ ಕ್ರಿಸ್ಪರ್ ಕತ್ತರಿಯ ಜೀನನ್ನೂ ಮುಂದಿನ ಪೀಳಿಗೆಯ ಸಸಿಗಳಲ್ಲಿ ಆರಿಸಿ ಹೊರಗಿಡಲಾಗಿದೆ. ಉಳಿದಿರುವುದು ಭತ್ತದ ಸುಮಾರು ನಲವತ್ತು ಕೋಟಿ ಡಿಎನ್‌ಎ ಅಕ್ಷರಗಳಲ್ಲಿ ಒಂದು ಜೀನಿನ ಒಂದು ಜಾಗದ ಸಣ್ಣ ವ್ಯತ್ಯಾಸ. ಹೊರಗಿನ ಜೀನ್ ಇಲ್ಲದ ಇಂಥ ಸಸ್ಯಗಳನ್ನು ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿ ನಿಯಮಗಳ ಬಿಗಿಯಿಂದ ಹೊರಗಿಟ್ಟಿದ್ದೂ ಇದೇ ಕಾರಣಕ್ಕೆ.

ಹಾಗಾಗಿ ಕಂಪ್ಲಿಯ ಬೀಜದ ಅಂಗಡಿಯಲ್ಲಿ ಮುಂದೊಂದು ದಿನ ಬಿಪಿಟಿಯ ಚೀಲವೂ ಕಮಲಾದ ಚೀಲವೂ ಅಕ್ಕಪಕ್ಕ ಕೂತರೆ, ಬೀಜ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. 2011ರ ಹುಡುಗರಂತೆ ಯಾರಾದರೂ ಪಿಸಿಆರ್ ಪೆಟ್ಟಿಗೆ ಹೊತ್ತು ಬಂದರೂ ಅವರಿಗೆ ಮೊದಲು ಬೇಕಾಗುವುದು ಯಾವ ಜೀನಿನ ಯಾವ ಅಕ್ಷರದ ಬಳಿ ಕತ್ತರಿ ಆಡಿದೆ ಎಂಬ ವಿಳಾಸ. ಅದನ್ನು ತಳಿ ಮಾಡಿದವರೇ ಕೊಡಬೇಕು. ಕೊಟ್ಟರೆ ಗಂಗಾವತಿಯಲ್ಲೋ ಸಿರುಗುಪ್ಪದಲ್ಲೋ ಇರುವ ಕೃಷಿ ಸಂಶೋಧನಾ ಕೇಂದ್ರದ ಮೇಜಿನ ಮೇಲೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗದ ಹುಡುಗಿಯೊಬ್ಬಳೂ ಸಂಡೂರಿನ ಕಸೂತಿಯವಳೊಬ್ಬಳೂ ಕೂತು, ಎರಡು ತಳಿಯ ಅಕ್ಷರಮಾಲೆಯನ್ನು ಬಟ್ಟೆಯ ಮೇಲೆ ಸಾಲಾಗಿ ಎಣಿಸಿ ಹೊಲಿದು, ವ್ಯತ್ಯಾಸದ ಜಾಗದಲ್ಲಿ ಕನ್ನಡಿ ಚೂರು ಕೂರಿಸಬಹುದು. ಜಿಎನ್1ಎ ಜೀನ್ ಪೂರ್ತಿ ಹೊಲಿಯಲು ಹೋದರೆ ಸಾವಿರಾರು ಹೊಲಿಗೆ ಆದೀತು. ಕತ್ತರಿ ಬಿದ್ದ ಆಸುಪಾಸಿನ ಇಪ್ಪತ್ತು ಅಕ್ಷರವಾದರೆ ಒಂದು ಮೊಳ ಬಟ್ಟೆ ಸಾಕು.